ಮುಷ್ಟಿಯೊಳಗಿನ ಗಾಜು

ನರ್ಸ್ ಬಾಗಿಲು ತೆರೆದಾಗ ವಾರ್ಡಿನ ಸಹಾಯಕ ರೋಗಿಯೊಬ್ಬನ ಎದೆಯ ಮೇಲೆ ಮಂಡಿಯೂರಿ ಕುಳಿತಿದ್ದ.

ವ್ಯಸನಮುಕ್ತಿ ಕೇಂದ್ರದಲ್ಲಿ ಅವಳಿಗದು ಮೊದಲ ಬೆಳಿಗ್ಗೆ. ಕೆಳಗೆ ಒದ್ದಾಡುತ್ತಿದ್ದವನು ಲಾರಿ ಡ್ರೈವರ್. ಕುಡಿತ, ಕೊಕೇನ್ ಎರಡೂ ಬಿಟ್ಟು ಎರಡನೇ ದಿನ. ಮುಖವೆಲ್ಲ ರಕ್ತ.

"ಬಿಡ್ರೀ ಅವನನ್ನ... ಸಾಯ್ತಾನೆ!"

ಸಹಾಯಕ ಬಿಡಲಿಲ್ಲ. ಅವಳು ಸ್ಟೀಲ್ ಟ್ರೇಯನ್ನೇ ಬೀಸಿದಳು. ಸಹಾಯಕನ ಹುಬ್ಬು ಸೀಳಿಹೋಯಿತು.

"ಸಿಸ್ಟರ್, ಮೊದಲು ಡಾಕ್ಟರ್ ಬರೆದಿರೋ ಇಂಜೆಕ್ಷನ್ ಕೊಡಿ. ಆಮೇಲೆ ಬೇಕಾದ್ರೆ ಇನ್ನೊಂದು ಹೊಡೀರಿ."

'ಇವನೇನು ಮನುಷ್ಯನಾ, ಕಲ್ಲಾ...' ಎಂದುಕೊಳ್ಳುತ್ತಲೇ ಅವಳು ಇಂಜೆಕ್ಷನ್ ಕೊಟ್ಟಳು.

ಅಂದೇ ದೂರು ಕೊಟ್ಟಳು. ಸಹಾಯಕ ಎಡಗೈಯನ್ನು ಜೇಬಿನಿಂದ ತೆಗೆಯದೆ, ತುಟಿ ಪಿಟಕ್ಕೆನ್ನದೆ ಅಮಾನತಿನ ಪತ್ರಕ್ಕೆ ಸಹಿ ಹಾಕಿ ಹೋದ.

ಐದನೇ ದಿನ ಡ್ರೈವರನ ನಡುಕ ಇಳಿಯಿತು.

"ಸಿಸ್ಟರ್, ಅಣ್ಣ ಎಲ್ಲಿ?"

"ನಿಮ್ಮನ್ನ ಹೊಡೆದವನಾ?"

"ಹೊಡೆದಿದ್ದು ನಾನು. ಗೋಡೆಯೊಳಗೆ ಯಾರೋ ಕರೀತಿದ್ರು... ಗ್ಲಾಸ್ ಒಡೆದು ಅಣ್ಣನಿಗೆ ಚುಚ್ಚಿದೆ. ಆಮೇಲೆ ನನ್ನ ಕುತ್ತಿಗೆಗೇ ಇಟ್ಕೊಂಡೆ. ಅವರು ಚೂರು ಕಿತ್ಕೊಂಡು ಮುಷ್ಟಿಯಲ್ಲಿ ಮುಚ್ಚಿಟ್ರು. ನನ್ನ ಮುಖದ ಮೇಲಿದ್ದದ್ದು ಅವರ ಕೈಯ ರಕ್ತ."

ಅವಳಿಗೆ ಸಹಾಯಕನ ಜೇಬಿನೊಳಗಿನ ಎಡಗೈ ನೆನಪಾಯಿತು. ಆಯುಧ ಎತ್ತಿದ ರೋಗಿಯನ್ನು ಹೊರಹಾಕುವುದು ಅಲ್ಲಿನ ನಿಯಮ.

ಟೈರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಸಹಾಯಕ ಸಿಕ್ಕಿದ. ಅಂಗೈಯ ಗಾಯ ಕೀವು ಕಟ್ಟಿತ್ತು.

"ನಿಮಗೆ ಬಾಯಿಲ್ವಾ?" ಗಾಯ ತೊಳೆಯುತ್ತಾ ಅವಳು ಅತ್ತಳು.

"ಹೇಳಿದ್ರೆ ಅವನು ಬೀದಿಗೆ ಬೀಳ್ತಿದ್ದ. ನಾನೂ ಒಮ್ಮೆ ಇಂಥದೇ ರೋಗಿ. ನನ್ನನ್ನೂ ಹಾಗೇ ಹೊರಗೆ ಹಾಕಿದ್ರು. ನೇರ ಬಾರಿಗೆ ಹೋದೆ. ಒಂದು ಗ್ಲಾಸ್ ಒಳಗೆ ಹೋದ್ರೆ ಆ ಕೊಕೇನ್ ಪುಡಿ ತಾನಾಗೇ ಕರೆಯುತ್ತೆ... ಎರಡೂ ಸೇರಿ ನನ್ನ ಎದೆಬಡಿತ ನಿಲ್ಲಿಸಿಬಿಟ್ಟಿದ್ವು. ಹೇಗೋ ಉಳಿದೆ."

ಮರುದಿನ ಅವಳು ಡಾಕ್ಟರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದಳು. "ಗುಣ ಆಗ್ತಿರೋನನ್ನೇ ಹೊರಗೆ ಹಾಕಿದ್ರೆ ನಾವಿಲ್ಲಿ ಯಾರಿಗೆ ಚಿಕಿತ್ಸೆ ಕೊಡೋದು, ಸರ್?"

ಡ್ರೈವರ್ ಉಳಿದ. ಸಹಾಯಕ ಮರಳಿದ.

ಎಂಟು ತಿಂಗಳು ಇಬ್ಬರಿಗೂ ಒಂದೇ ಪಾಳಿ. ಒಂದು ಮಧ್ಯಾಹ್ನ ಹೊಸ ರೋಗಿಯೊಬ್ಬ ಅವಳತ್ತ ಕುರ್ಚಿ ಎಸೆದ. ಸಹಾಯಕ ಅಡ್ಡ ಬಂದ. ಪಕ್ಕೆಲುಬು ಮುರಿಯಿತು.

ಹಾಸಿಗೆಯ ಪಕ್ಕ ಕುಳಿತ ಅವಳಿಗೆ ಇನ್ನು ತಡೆಯಲಾಗಲಿಲ್ಲ. "ನೀವಿಲ್ಲದೆ ನನಗಾಗಲ್ಲ."

ಅವನು ಪಕ್ಕೆ ಹಿಡಿದುಕೊಂಡು ಅವಳತ್ತ ತಿರುಗಿದ. "ನನಗೂ... ಆದ್ರೆ ನಾನು ಮತ್ತೆ ಬಿದ್ರೆ?"

"ಎತ್ತೋಕೆ ನೋಡ್ತೀನಿ. ಆಗದಿದ್ರೆ ಕಿರುಚಿ ನಾಲ್ಕು ಜನರನ್ನ ಸೇರಿಸ್ತೀನಿ."

"ನಿಮ್ಮಮ್ಮನಿಗೆ ಏನು ಹೇಳ್ತೀರಿ?"

"ಹೇಳಿ ಆಯ್ತು. ಮೂರು ದಿನ ಮಾತು ಬಿಟ್ಟಿದ್ರು. ನಿನ್ನೆ ಕೇಳಿದ್ರು, ಆ ಹುಡುಗನಿಗೆ ಖಾರ ಆಗುತ್ತಾ, ಸಪ್ಪೆ ಬೇಕಾ ಅಂತ."

"ಏನಂದ್ರಿ?"

"ನೀವೇ ಬಂದು ಹೇಳಿ."