ಉಳಿದ ಗಾಳಿ

ಗಾಳಿಯ ಸಿಲಿಂಡರ್ ಕೊಡುವುದಿಲ್ಲ ಎಂದು ಅವನು ಹೇಳಿದಾಗ ಅವಳಿಗೆ ಮೊದಲು ಬಂದದ್ದು ಸಿಟ್ಟು. ಬೆಳಗಿನಿಂದ ಹನ್ನೊಂದು ಜನ ಹೊಸಬರನ್ನು ಕೈಹಿಡಿದು ನೀರಿಗಿಳಿಸಿ, ಹವಳದ ದಿಬ್ಬ ತೋರಿಸಿ ತಂದಿದ್ದಳು. ಮೈ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು. ಎಲ್ಲರೂ ಹೋದ ಮೇಲೆ ಒಬ್ಬಳೇ ನೀರಿಗಿಳಿಯುವ ನಲವತ್ತು ನಿಮಿಷವಷ್ಟೇ ಅವಳದು.

"ಗಾಳಿ ಸಾಹುಕಾರರೇ, ಇದೇನು ಹೊಸ ರೂಲು?"

ಡೈವಿಂಗ್ ಶಾಲೆಯಲ್ಲಿ ಸಿಲಿಂಡರಿಗೆ ಗಾಳಿ ತುಂಬಿಸುವವನು, ದೋಣಿ ನಡೆಸುವವನು, ಎರಡೂ ಅವನೇ. ಆ ಹೆಸರು ಎಲ್ಲರೂ ಸೇರಿ ಇಟ್ಟದ್ದು.

"ರೂಲು ಹಳೇದೇ ಟೀಚರ್. ಒಬ್ರೇ ಇಳೀಬಾರ್ದು."

"ಹದಿನೈದು ದಿನದಿಂದ ನೀವೇ ತುಂಬಿಸಿ ಕೊಟ್ರಲ್ಲ. ಆಗ ರೂಲು ನಿದ್ದೆ ಮಾಡ್ತಿತ್ತಾ?"

"ನಾನು ಮಾಡ್ತಿದ್ದೆ."

ಅವಳು ನಗಲಿಲ್ಲ. ಅವನು ನಿನ್ನೆ ಅವಳು ಬಳಸಿದ ಸಿಲಿಂಡರಿಗೆ ಒತ್ತಡದ ಮೀಟರ್ ಸಿಕ್ಕಿಸಿ ಅವಳತ್ತ ತಿರುಗಿಸಿದ.

"ಇನ್ನೂರು ತುಂಬಿಸಿದ್ದೆ. ನೂರ ಐವತ್ತು ಉಳಿದಿದೆ. ಮೊದ್ಲು ನೂರರ ಹತ್ರ ಉಳೀತಿತ್ತು. ಮೀನು ಕೂಡ ನಿಮಗಿಂತ ಜಾಸ್ತಿ ಉಸಿರಾಡತ್ತೆ."

"ಉಳಿಸಿದ್ರೂ ಬೈಗುಳವಾ?"

"ಉಸಿರು ಹಿಡೀತಿದ್ದೀರಿ," ಎಂದ ಮೆಲ್ಲಗೆ. "ಹೊಸಬರಿಗೆ ನೀವು ಹೇಳೋ ಮೊದಲ ಪಾಠಾನೇ ಅದು, ಕೆಳಗೆ ಉಸಿರು ಹಿಡೀಬೇಡಿ ಅಂತ."

ಅವಳು ಒದ್ದೆ ಬೆಂಚಿನ ಮೇಲೆ ಕುಳಿತಳು. ದಿನಾ ಫೋನ್ ಮಾಡುವ ಅತ್ತೆಗೂ ಗೊತ್ತಾಗದ್ದು ಒಂದು ಮುಳ್ಳಿನ ಮೀಟರಿಗೆ ಗೊತ್ತಾಗಿಬಿಟ್ಟಿತ್ತು.

"ಅವರ ಗುಳ್ಳೆ ಸದ್ದು ಕೇಳತ್ತೆ," ಎಂದಳು.

ಅವರು ಎಂದರೆ ಗಂಡ. ಆರು ವರ್ಷ ಇಬ್ಬರೂ ಜೊತೆಗೇ ಇಳಿದವರು. ಇಷ್ಟು ದೊಡ್ಡ ಸಮುದ್ರ ಏನೂ ಮಾಡದ ಮನುಷ್ಯ, ಒಂದೂವರೆ ವರ್ಷದ ಹಿಂದೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದ.

"ಕೆಳಗೆ ನನ್ನ ಉಸಿರಿಂದೇ ಗಲಾಟೆ. ಅದನ್ನ ನಿಲ್ಲಿಸಿದ್ರೆ ಬೆನ್ನ ಹಿಂದೆ ಇನ್ನೊಬ್ಬರ ಗುಳ್ಳೆ ಎದ್ದ ಹಾಗೆ. ತಿರುಗಿ ನೋಡಿದ್ರೆ ಯಾವುದೋ ಮೀನು."

ಅವನು ಪಾಪ ಎನ್ನಲಿಲ್ಲ. ಆ ಮಾತು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

"ದೋಣೀಲಿ ಕೂತ್ರೆ ನಿಮ್ಮ ಗುಳ್ಳೆ ಕಾಣತ್ತೆ," ಎಂದ. "ಅದು ನಿಂತಾಗ ನಾನೂ ಉಸಿರು ಹಿಡೀತೀನಿ. ಯಾಕೆ ಅಂತ ಕೇಳ್ಬೇಡಿ. ನನ್ನ ಕೈಲಾಗೋದು ಅರವತ್ತು ಎಣಿಸೋವರೆಗೆ. ನಿನ್ನೆ ಅರವತ್ತು ದಾಟ್ತು. ನನ್ನ ಕಿವಿತಮಟೆ ಹರಿದಿದೆ, ಎರಡಾಳು ಆಳಕ್ಕೂ ಇಳಿಯೋ ಹಾಗಿಲ್ಲ. ಆದ್ರೂ ಹಾರೋಣ ಅಂತ ಶರ್ಟ್ ಬಿಚ್ಚಿದ್ದೆ."

"ಆಮೇಲೆ?"

"ಗುಳ್ಳೆ ಬಂತು. ಮತ್ತೆ ಹಾಕ್ಕೊಂಡೆ, ಗುಂಡಿ ತಪ್ಪಿಸಿ. ನೀವು ನೋಡ್ಲಿಲ್ಲ."

"ನೋಡಿದ್ದೆ. ಕೇಳೋಷ್ಟು ಶಕ್ತಿ ಇರ್ಲಿಲ್ಲ."

ಅವಳು ತಲೆಯೆತ್ತಿದಳು. ಅವನ ಹುಬ್ಬಿನಲ್ಲಿ ಒಣಗಿದ ಉಪ್ಪು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಆ ಕಣ್ಣು ಅವಳನ್ನು ನೋಡಿ, ಸಿಕ್ಕಿಬಿದ್ದಂತಾಗಿ, ಕಂಪ್ರೆಸರಿನತ್ತ ಓಡಿತು.

"ಓನರಿಗೆ ಹೇಳ್ತೀರಾ?"

"ಹೇಳಿದ್ರೆ ನಿಮ್ಮನ್ನ ನೀರಿಗೇ ಬಿಡಲ್ಲ. ನೀವು ಇಲ್ಲಿಂದ ಹೋಗ್ತೀರಿ. ಹೇಳದಿದ್ರೆ ಒಂದಿನ ಮೇಲೇ ಬರಲ್ಲ. ಎರಡರಲ್ಲಿ ಯಾವುದೂ ನನಗೆ ಬೇಡ." ಒಣಗಿದ ಕೈಯನ್ನೇ ಟವೆಲಿನಿಂದ ಮತ್ತೆ ಒರೆಸಿಕೊಂಡ. "ಗಾಳಿ ಕೊಟ್ಟು ಮೇಲೆ ಕೂತು ಎಣಿಸೋದು ಮಾತ್ರ ಇನ್ನು ನನ್ನ ಕೈಲಾಗಲ್ಲ."

ಅವಳು ನೀರಿನತ್ತ ತಿರುಗಿದಳು. ತಾನು ಉಸಿರು ನಿಲ್ಲಿಸಿ ಹುಡುಕುತ್ತಿದ್ದವನು ಒಮ್ಮೆಯೂ ಬಂದಿರಲಿಲ್ಲ. ಅದು ಗೊತ್ತಿದ್ದೇ ದಿನಾ ಇಳಿಯುತ್ತಿದ್ದಳು.

"ಸಿಲಿಂಡರ್ ಬೇಡ," ಎಂದಳು. "ದೋಣಿ ತೆಗೀರಿ."

ಹವಳದ ದಿಬ್ಬದ ಪಕ್ಕ ದೋಣಿಗೆ ಲಂಗರು ಹಾಕಿದಾಗ ಅವಳು ಹಲಗೆಯ ಮೇಲೆ ಒರಗಿದ್ದಳು.

"ನಿದ್ದೆ ಬಂದ್ರೆ ಎಬ್ಬಿಸ್ತೀರಾ?"

"ಇಲ್ಲ."

"ಓನರ್ ಫೋನ್ ಮಾಡಿದ್ರೆ?"

"ಎಂಜಿನ್ ಕೆಟ್ಟಿದೆ ಅಂತೀನಿ."

"ಸುಳ್ಳು ಚೆನ್ನಾಗಿ ಹೇಳ್ತೀರಿ."

"ನಿಮ್ಮ ಹತ್ರ ಬರಲ್ಲ, ಅಷ್ಟೇ."

"ಇನ್ಮೇಲೆ ಟೀಚರ್ ಅನ್ಬೇಡಿ."

"ಮತ್ತೇನನ್ಲಿ?"

ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಕಣ್ಣು ಎಳೆಯಿತು. ಮುಖದ ಮೇಲಿದ್ದ ಬಿಸಿಲು ಹೋಗಿ ನೆರಳು ಬಿತ್ತು.

ಎಚ್ಚರವಾದಾಗ ಸೂರ್ಯ ದೋಣಿಯ ಆಚೆ ತುದಿಗೆ ಇಳಿದಿದ್ದ. ಅವನೂ ಸರಿಯುತ್ತ ಸರಿಯುತ್ತ ಆ ತುದಿಗೇ ಹೋಗಿ ಕೂತಿದ್ದ. ಅವನ ನೆರಳು ಇನ್ನೂ ಅವಳ ಮುಖದ ಮೇಲಿತ್ತು.