ಜಾಡು ತುಳಿದವನು

ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿಯ ಮಧ್ಯಾಹ್ನ, ಜಾಡು ನೋಡಿಕೊಳ್ಳುವ ಅರ್ವೋ ಆಗಷ್ಟೇ ಹಿಮದ ಮೇಲೆ ಯಂತ್ರ ಓಡಿಸಿ ಹಸನು ಮಾಡಿದ್ದ ಸ್ಕೀ ಜಾಡನ್ನು ಒಬ್ಬ ಮುದುಕ ಬೂಟುಗಾಲಲ್ಲಿ ತುಳಿಯುತ್ತ ಹೊರಟಿದ್ದ. ನಮ್ಮ ಫಿನ್ಲೆಂಡಿನಲ್ಲಿ ಕೊಲೆಯನ್ನಾದರೂ ಮರೆತೇವು, ಸ್ಕೀ ಜಾರುವ ಜಾಡನ್ನು ಹೀಗೆ ತುಳಿದು ಕೆಡಿಸಿದ್ದನ್ನು ಮರೆಯುವುದಿಲ್ಲ.

“ಜಾಡು ಬಿಡಯ್ಯಾ” ಎಂದು ಹಿಂದಿನಿಂದ ಸ್ಕೀ ಮೇಲೆ ಜಾರಿ ಬರುತ್ತಲೇ ಕೂಗಿದೆ. ಅವನು ತಿರುಗಲಿಲ್ಲ. ಪಿತ್ತ ನೆತ್ತಿಗೇರಿ, ಸ್ಕೀ ಕೋಲಿನ ಮೊನೆಯನ್ನು ಅವನ ಕತ್ತಿಗೆ ಚುಚ್ಚಿದೆ. ಒಣಹಿಮಕ್ಕೆ ಚುಚ್ಚಿದಂಥ ಸದ್ದಾಯಿತು. ಬಿದ್ದವನನ್ನು ಬಿಟ್ಟು ಮುಂದೆ ಜಾರಿದೆ.

ತಿರುವಿನಾಚೆ ಮತ್ತೆ ಅವನೇ ನಡೆಯುತ್ತಿದ್ದ. ಕತ್ತಿನಲ್ಲಿ ಒಂದು ತೂತು. ಮತ್ತೆ ಚುಚ್ಚಿ ಕೆಡವಿದೆ. ಮುಂದಿನ ತಿರುವಿನಲ್ಲಿ ಎರಡು ತೂತು.

ಹಿಂದೆಯೇ ಯಂತ್ರದಲ್ಲಿ ಬಂದ ಅರ್ವೋ ನನ್ನ ಕೊರಳಪಟ್ಟಿ ಹಿಡಿದ. “ಜಾಡೆಲ್ಲ ತುಳಿದು ಹಾಳು ಮಾಡಿದ್ದೀಯಲ್ಲೋ.”

“ನಾನಲ್ಲ, ಆ ಮುದುಕ.”

“ಯಾವ ಮುದುಕ? ಮೊದಲ್ನೇ ತಿರುವಿಗೇ ಸ್ಕೀ ಗೆರೆ ನಿಂತೋಗಿದೆ. ಅಲ್ಲಿಂದ ನಿನ್ನ ಕಾಲಿನ ತನಕ ಒಬ್ಬನದೇ ಬೂಟಿನ ಹೆಜ್ಜೆ.”

ಬಗ್ಗಿ ನೋಡಿದೆ. ಬೂಟಿನ ಹೆಜ್ಜೆಗಳು ನಾನು ನಿಂತಲ್ಲಿಗೇ ಬಂದು ಮುಗಿದಿದ್ದವು. ಆದರೆ ನನ್ನ ಕಾಲಿಗೆ ಸ್ಕೀ ಕಟ್ಟಿಯೇ ಇತ್ತು.