ಕೊನೆಯ ಕೋಣೆಯ ಎರಡನೇ ಸ್ಟೂಲು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರುದಾರ ಮೊದಲ ಮಾತನ್ನೇ ಕಿರುಚಿದ.

“ಸಾರ್, ಕಂಪ್ಲೇಂಟ್ ಕೊಡ್ಬೇಕು!”

ಮುಖ್ಯ ಪೇದೆ ಕಿವಿ ಉಜ್ಜಿಕೊಂಡರು. “ನಮ್ಮ ಕಿವಿ ಇನ್ನೂ ಸರ್ಕಾರದ ಸೇವೇಲಿ ಇದಾವೆ ಸ್ವಾಮಿ. ಕೂತ್ಕೊಂಡು ಮೆಲ್ಲಗೆ ಹೇಳಿ.”

ಮೆಲ್ಲಗೆ ಮಾತಾಡುವುದು ಅವನಿಗೆ ಮರೆತೇಹೋಗಿತ್ತು. ಊರ ಹೊರಗಿನ ಗೋದಾಮಿನಲ್ಲಿ ಅವನದೊಂದು ಕ್ರಿಪ್ಟೋ ಗಣಿ. ಶೂಬಾಕ್ಸಿಗಿಂತ ಸ್ವಲ್ಪ ದೊಡ್ಡದಾದ ಯಂತ್ರಗಳು ಕಬ್ಬಿಣದ ರ‍್ಯಾಕುಗಳಲ್ಲಿ ಕೂತು, ಹಗಲೂ ರಾತ್ರಿ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುತ್ತಿದ್ದವು. ಒಂದೊಂದಕ್ಕೂ ಗಿರ್ರೆನ್ನುವ ಫ್ಯಾನುಗಳು. ಹಿಂದಿನ ಮಧ್ಯಾಹ್ನ ಕೊನೆಯ ಕೋಣೆಯ ಒಂದು ರ‍್ಯಾಕಿಗೆ ಬೆಂಕಿ ಹತ್ತಿತ್ತು. ಯಾರಿಗೂ ಗಾಯವಾಗಿರಲಿಲ್ಲ.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಅನುಮಾನ ಏನ್ ಬಂತು ಸಾರ್, ರಿಪೇರಿಯವನೇ. ಬೇರೆ ಕೋಣೆಯ ಯಂತ್ರಗಳೆಲ್ಲ ಕಲ್ಲುಗುಂಡಿನ ಹಾಗಿವೆ. ಕೊನೇ ಕೋಣೇವು ಮಾತ್ರ ವಾರ ವಾರ ಕೆಡ್ತವೆ. ಭಾನುವಾರ ಬಂದು ಎಲ್ಲ ಬಿಚ್ಚಿ ಜೋಡ್ಸಿ ಹೋದ, ಸೋಮವಾರ ಬೆಂಕಿ. ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು.”

“ಜಾಸ್ತಿ ಸಲ ಬಂದರೆ ಜಾಸ್ತಿ ಕೊಡ್ತೀರಾ?”

“ಇಲ್ಲ. ವರ್ಷಕ್ಕೆ ಇಷ್ಟು ಅಂತ.”

“ಹಾಗಾದ್ರೆ ಕೆಡಿಸಿ ಅವನಿಗೇನು ಲಾಭ?”

“ಅದನ್ನ ನೀವೇ ಕಂಡುಹಿಡೀರಿ ಸಾರ್!” ದೂರುದಾರ ಮತ್ತೆ ಕಿರುಚಿದ. ಎಫ್‌ಐಆರ್ ದಾಖಲಾಯಿತು.

ರಿಪೇರಿಯವನ ಅಂಗಡಿ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಇಕ್ಕಟ್ಟು. ಮೇಜಿನ ಮೇಲೆ ಮೈಕ್ರೋಸ್ಕೋಪು, ಬಿಸಿಗಾಳಿ ಊದುವ ಗನ್ನು, ಸತ್ತ ಚಿಪ್‌ಗಳ ಒಂದು ಡಬ್ಬಿ. ಪೊಲೀಸರನ್ನು ಕಂಡು ಅವನು ಸೋಲ್ಡರಿಂಗ್ ಕಡ್ಡಿಯ ಸ್ವಿಚ್ಚು ಆರಿಸಿ, ಅದು ತಣ್ಣಗಾಗುವವರೆಗೆ ಕಾದು, ಆಮೇಲೆ ಅಂಗಿಗೆ ಕೈ ಒರೆಸಿಕೊಂಡು ಹೊರಟ. ಯಾಕೆ ಎಂದು ಕೇಳಲಿಲ್ಲ.

“ಬೆಂಕಿ ಹೇಗೆ ಹತ್ತಿತು?” ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

“ಪವರ್ ಪ್ಲಗ್ ಅರ್ಧ ಹೊರಗೆ ಬಂದಿರ್ಬೇಕು ಸಾರ್. ಪೂರ್ತಿ ಕಿತ್ರೆ ಯಂತ್ರ ಸುಮ್ನಾಗತ್ತೆ. ಅರ್ಧಕ್ಕೆ ನಿಂತ್ರೆ ಅಷ್ಟೂ ಕರೆಂಟು ಚೂರೇ ಚೂರು ಜಾಗದಲ್ಲಿ ನುಗ್ಗತ್ತೆ. ಕಾದು, ಕರಗಿ, ಹತ್ಕೊಳ್ಳತ್ತೆ.”

“ಯಾರು ಅರ್ಧ ಬಿಟ್ಟಿದ್ದು?”

ಅವನು ತನ್ನ ಉಗುರುಗಳನ್ನು ನೋಡಿಕೊಂಡ. “ನಾನೇ ಅಂತ ಬರ್ಕೊಳ್ಳಿ.”

“ಬರ್ಕೊಳ್ಳಿ ಅಂದ್ರೆ? ಜೈಲಾಗತ್ತೆ. ಆಮೇಲೆ ಯಾವ ಗಣಿಯವನೂ ನಿನ್ನ ಬಾಗಿಲೊಳಗೆ ಬಿಡಲ್ಲ. ನಿಂಗೆ ಬೇರೆ ಕೆಲಸ ಗೊತ್ತಾ?”

“ಗೊತ್ತಿಲ್ಲ ಸಾರ್.”

“ತಪ್ಪು ಮಾಡಿದೋನು ಬರ್ಕೊಳ್ಳಿ ಅನ್ನಲ್ಲ, ಬಿಟ್ಬಿಡಿ ಅಂತಾನೆ,” ಎಂದು ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡರು.

ಮಧ್ಯಾಹ್ನ ಸ್ಥಳ ಪಂಚನಾಮೆ. ಗೋದಾಮಿನೊಳಗೆ ಕಾಲಿಟ್ಟ ಕೂಡಲೇ ಸದ್ದು ಎದೆಗೇ ಗುದ್ದಿತು. ಮುಖ್ಯ ಪೇದೆ ಏನೋ ಹೇಳಿದರು. ಬಾಯಿ ಮಾತ್ರ ಆಡಿತು. ದೂರು ಕೊಟ್ಟ ಯಜಮಾನ ಕೈಸನ್ನೆಯಲ್ಲೇ ದಾರಿ ತೋರಿಸಿ ಹೊರಗೇ ಉಳಿದ. ಕೊನೆಯ ಕೋಣೆಗೆ ದಪ್ಪ ಬಾಗಿಲು. ಒಳಗೆ ಸುಟ್ಟು ಕರಕಲಾದ ಒಂದು ರ‍್ಯಾಕು, ಪಕ್ಕದಲ್ಲಿ ಉಳಿದ ಇನ್ನೊಂದು. ಅದನ್ನು ಯಜಮಾನ ಬೆಳಿಗ್ಗೆಯೇ ಮತ್ತೆ ಚಾಲೂ ಮಾಡಿದ್ದ.

ಮಹಿಳಾ ಪೇದೆ ಇಲಾಖೆಗೆ ಹೊಸಬಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಅವಳು ಓಡುತ್ತಿದ್ದ ಯಂತ್ರದತ್ತ ಬೆರಳು ತೋರಿಸಿದಳು. ಚಪ್ಪಟೆಯಾದ ಡೇಟಾ ಕೇಬಲ್ಲು ಬೋರ್ಡಿಗೆ ಸೇರುವಲ್ಲಿ ಬಿಸಿ ಅಂಟಿನ ಬಿಳಿ ಗಡ್ಡೆ. ಹೊರಗಿನ ಕೋಣೆಗಳ ಯಂತ್ರಗಳಲ್ಲಿ ಅಂಥ ಅಂಟು ಎಲ್ಲೂ ಇರಲಿಲ್ಲ. ಆಮೇಲೆ ಅವಳು ಮೂಲೆ ತೋರಿಸಿದಳು. ಎರಡು ಸ್ಟೂಲುಗಳು, ಎದುರುಬದುರು. ಒಂದರ ಮೇಲೆ ಹಳೇ ಸೀರೆಯನ್ನು ಮಡಿಸಿ ಹಾಕಿತ್ತು.

ಇನ್‌ಸ್ಪೆಕ್ಟರ್ ಏನೋ ಕೇಳಲು ಹೋಗಿ, ಕೇಳಿಸದೆ, ಗೋಡೆಯ ಮೇಲಿನ ಬ್ರೇಕರನ್ನು ತಾವೇ ಕೆಳಗೆಳೆದರು. ಬಾಗಿಲು ಮುಚ್ಚಿದರು.

ಫ್ಯಾನುಗಳು ನಿಧಾನಕ್ಕೆ ನಿಂತವು. ಹೊರಗಿನ ಗದ್ದಲ ದೂರದ ಜೇನುಗೂಡಿನಷ್ಟಾಯಿತು.

“ಗೋಡೆಗೂ ಕಿವಿ ಇರತ್ತೆ ಅಂತಾರೆ,” ಮುಖ್ಯ ಪೇದೆ ಉಸಿರುಬಿಟ್ಟರು. “ಪಾಪ, ಈ ಗೋಡೆ ಕಿವುಡಾಗಿ ಎಷ್ಟು ವರ್ಷ ಆಯ್ತೋ.”

“ಮಾತಾಡೋದಕ್ಕೆ ಇಡೀ ಗೋದಾಮಲ್ಲಿ ಇದೊಂದೇ ಜಾಗ,” ಎಂದರು ಇನ್‌ಸ್ಪೆಕ್ಟರ್. “ಅದೂ ಈ ರ‍್ಯಾಕುಗಳು ನಿಂತಾಗ ಮಾತ್ರ. ಯಂತ್ರ ಕೆಟ್ಟಾಗ ಮಾತ್ರ.”

ಪಂಚನಾಮೆ ಅರ್ಧ ಬರೆಯುವಷ್ಟರಲ್ಲಿ ಒಳಗಿನ ಸಣ್ಣ ಬಾಗಿಲು ತೆರೆಯಿತು. ಐವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಲೋಟ ಚಹಾ.

“ಬಂದೆಯೇನಪ್ಪಾ? ನಿಂಗೆ ಯಜಮಾನ ಬೈಲಿಲ್ಲ ತಾನೇ?” ಎಂದಳು. ಖಾಕಿ ಕಂಡು ನಿಂತುಬಿಟ್ಟಳು.

“ನೀವ್ಯಾರಮ್ಮ?”

“ಯಜಮಾನನ ಅತ್ತಿಗೆ. ಈ ಗೋಡೆ ಹಿಂದೆ ನನ್ನ ರೂಮು. ಯಂತ್ರ ನೋಡ್ಕೊಳ್ಳೋಳು ನಾನೇ. ಕೆಂಪು ದೀಪ ಬಂದ್ರೆ ಫೋನಲ್ಲಿ ಒತ್ತಿ ತಿಳಿಸ್ಬೇಕು, ಅಷ್ಟೇ ಕೆಲಸ.”

“ಬೆಂಕಿ ಹತ್ತೋ ಹಾಗೆ ಪ್ಲಗ್ ಅರ್ಧ ಬಿಟ್ಟಿದ್ದು ತಾನೇ ಅಂತ ರಿಪೇರಿಯವನು ಹೇಳ್ತಿದಾನೆ. ಬೆಳಿಗ್ಗೆಯಿಂದ ಠಾಣೇಲಿದಾನೆ.”

ಆಕೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು. ಸ್ವಲ್ಪ ಚಹಾ ತುಳುಕಿತು.

“ಸುಳ್ಳು. ಅವನು ಅರ್ಧ ಕೆಲಸ ಮಾಡೋನೇ ಅಲ್ಲ. ನಾನು ಎಳೆದಿದ್ದು.”

ಮಹಿಳಾ ಪೇದೆ ಇನ್ನೊಂದು ಸ್ಟೂಲು ಸರಿಸಿ ಆಕೆಯನ್ನು ಕೂರಿಸಿದಳು.

ಗಣಿಯನ್ನು ಶುರುಮಾಡಿದ್ದು ಆಕೆಯ ಗಂಡ, ತಮ್ಮನ ಜೊತೆಗೂಡಿ. ಗಂಡ ತೀರಿಕೊಂಡ ಮೇಲೆ ಮೈದುನ ಗೋದಾಮಿನಲ್ಲೇ ರೂಮು ಕೊಟ್ಟ. ಊಟಕ್ಕೆ ಕೊರತೆಯಿಲ್ಲ. ಬರುವವರಿಲ್ಲ, ಬಂದವರೂ ಈ ಸದ್ದಿಗೆ ಕೈಬೀಸಿ ಹೋಗುತ್ತಾರೆ. ಒಮ್ಮೆ ಯಂತ್ರ ನಿಜವಾಗಿಯೇ ಕೆಟ್ಟಿತು. ರಿಪೇರಿಯವನು ಬಂದು ರ‍್ಯಾಕು ಆರಿಸಿ, ಬಾಗಿಲು ಹಾಕಿ, “ಊಟ ಆಯ್ತಾ ಅಮ್ಮಾ?” ಎಂದ.

“ಎಷ್ಟು ದಿನದ ಮೇಲೆ ನನ್ನ ದನಿ ನಂಗೆ ಕೇಳಿಸ್ತು ಅಂತೀರಿ. ‘ಈ ಚಪ್ಪಟೆ ಕೇಬಲ್ ಪಟ್ಟಿ ಸಡಿಲ ಆಗಿತ್ತಮ್ಮ, ಅಷ್ಟೇ’ ಅಂತ ತೋರಿಸ್ದ. ಆಮೇಲೆ ನಾನೇ ಸಡಿಲ ಮಾಡೋಕೆ ಶುರು ಮಾಡ್ದೆ. ಯಂತ್ರಕ್ಕೇನೂ ಆಗ್ತಿರ್ಲಿಲ್ಲ. ಸೋಮವಾರ ನೋಡಿದ್ರೆ ಪಟ್ಟಿ ಅಲ್ಲಾಡ್ಲೇ ಇಲ್ಲ. ಪಕ್ಕದ ಪ್ಲಗ್ ಎಳೆದೆ. ಬಿಗಿ ಇತ್ತು, ಅರ್ಧಕ್ಕೇ ನಿಲ್ತು. ನನ್ನ ಕೈಲಿ ಅಷ್ಟೇ ಆಗಿದ್ದು.”

ಬಾಗಿಲು ತಳ್ಳಿಕೊಂಡು ಬಂದಿದ್ದ ಮೈದುನ ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಅತ್ತಿಗೇ! ಬೇಜಾರು ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ?” ಆ ನಿಶ್ಶಬ್ದದಲ್ಲೂ ಅವನು ಕಿರುಚುತ್ತಲೇ ಇದ್ದ.

“ಹೇಳಿದ್ದೆ ಕಣೋ. ನೀನು ತಲೆ ಆಡಿಸ್ಕೊಂಡು ಹೋದೆ.”

ಸೂರ್ಯ ಮುಳುಗುವ ಮೊದಲೇ, ಮಹಿಳಾ ಪೇದೆಯ ಸಮ್ಮುಖದಲ್ಲಿ, ಆಕೆಯನ್ನು ಬಂಧಿಸಲಾಯಿತು. ಸುಟ್ಟ ಪ್ಲಗ್ಗು ಮತ್ತು ಅಂಟು ಹತ್ತಿದ ಕೇಬಲ್ಲುಗಳನ್ನು ಪಂಚರ ಎದುರು ವಶಪಡಿಸಿಕೊಂಡರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ರಿಪೇರಿಯವನನ್ನು ಕರೆಸಿದರು. “ನಿಂಗೆ ಗೊತ್ತಿತ್ತು.”

“ಎರಡನೇ ಸಲಕ್ಕೇ ಗೊತ್ತಾಯ್ತು ಸಾರ್. ಬಾಯಿಬಿಟ್ಟು ಹೇಳಿದ್ರೆ ಅವರು ನಾಚ್ಕೊಂಡು ಸತ್ತೇಹೋಗ್ತಿದ್ರು. ಅದಕ್ಕೇ ಭಾನುವಾರ ಅಂಟು ಹಾಕ್ದೆ. ನೋಡಿ ಅರ್ಥ ಮಾಡ್ಕೊಳ್ತಾರೆ ಅಂದ್ಕೊಂಡೆ.” ಅವನು ತಲೆಯೆತ್ತಲಿಲ್ಲ. “ಪಟ್ಟಿಗೆ ಮಾತ್ರ ಹಾಕಿದ್ದು. ಪ್ಲಗ್ ಎಳೀತಾರೆ ಅಂತ ಹೊಳೀಲೇ ಇಲ್ಲ. ಬೆಂಕಿ ನಂದೇ ಅಲ್ವಾ ಸಾರ್?”

“ವಾರ ವಾರ ಕೂತು ಮಾತಾಡಿದೋರು ನೀವಿಬ್ರು,” ಮುಖ್ಯ ಪೇದೆ ಅಂದರು. “ಇದೊಂದು ಮಾತು ಆಡೋಕಾಗ್ಲಿಲ್ವೇನೋ?”

ಅವನನ್ನು ಬಿಟ್ಟು ಕಳಿಸಿದರು. ಹೋಗುವಾಗ ಒಳಗಿನ ಕೋಣೆಯ ಬಾಗಿಲ ಬಳಿ ಅರೆಗಳಿಗೆ ನಿಂತ. ಆಮೇಲೆ ಮೆಟ್ಟಿಲಿಳಿದ.

ಒಳಗೆ ಮಹಿಳಾ ಪೇದೆ ಅತ್ತಿಗೆಯ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಪ್ರಕರಣಕ್ಕೆ ಬೇಕಾದದ್ದು ಒಂದೂವರೆ ಪುಟದಲ್ಲೇ ಮುಗಿಯಿತು. ಓದಿ ಹೇಳಿ ಸಹಿ ಹಾಕಿಸಿಕೊಂಡದ್ದೂ ಆಯಿತು. ಆಕೆ ಮಾತ್ರ ಇನ್ನೂ ಹೇಳುತ್ತಲೇ ಇದ್ದಳು: ಗಂಡ ನಿದ್ದೆಯಲ್ಲಿ ನಗುತ್ತಿದ್ದದ್ದು, ಚಿಕ್ಕವಳಿದ್ದಾಗ ತಂಗಿಯ ಜೊತೆ ಒಂದೇ ಕಂಬಳಿಗೆ ಜಗಳವಾಡಿದ್ದು, ರಿಪೇರಿಯವನಿಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು ಎಂಬುದು. ಮೇಲೆ ಫ್ಯಾನು ಕಿರ್ರೆನ್ನುತ್ತಿತ್ತು. ನಡುನಡುವೆ ಆಕೆ ದನಿ ಏರಿಸಬೇಕಾಗುತ್ತಿತ್ತು.

ಮಹಿಳಾ ಪೇದೆ ಕಾಗದಗಳನ್ನು ಫೈಲಿಗೆ ಸೇರಿಸಿದಳು. ಎದ್ದು ಹೋಗಿ ಫ್ಯಾನು ಆರಿಸಿದಳು. ಮತ್ತೆ ಬಂದು ಆಕೆಯ ಎದುರಿಗೆ ಕೂತಳು.

“ಹೇಳಿ ಅಮ್ಮ.”